ಗೃಹಾಲಂಕರಣದಲ್ಲಿ ಬಣ್ಣ

ವಾಸದ ಮನೆಯ ಗೋಡೆ, ಚಾವಣಿ, ನೆಲ, ಬಾಗಿಲು, ಪರದೆ, ಪೀಠೋಪಕರಣಗಳಿಗೆ ಬಣ್ಣಗಳನ್ನು ಆರಿಸಿ ಅವನ್ನು ಒಂದಕ್ಕೊಂದು ಹೊಂದಿಸುವ ಕಲೆ ಗೃಹಾಲಂಕರಣದ ಮುಖ್ಯ ಅಂಗ. ಗೋಡೆಯ ಮೇಲೆ ಕಣ್ಣಿಗೆ ಕಾಣುವ ಬಣ್ಣವು ಡಬ್ಬಿಯಲ್ಲಿರುವ ಬಣ್ಣದಿಂದಷ್ಟೇ ನಿರ್ಧಾರವಾಗುವುದಿಲ್ಲ. ಅದರ ಮೇಲೆ ಬೀಳುವ ಬೆಳಕು, ಅದರ ನೆರೆಯಲ್ಲಿರುವ ಬೇರೆ ಬಣ್ಣಗಳು, ಗೋಡೆಯ ನುಣುಪು ಇಲ್ಲವೆ ಒರಟುತನ ಇವೆಲ್ಲ ಕೂಡಿ ಅದನ್ನು ರೂಪಿಸುತ್ತವೆ. ಅಂಗಡಿಯ ಪಟ್ಟಿಯಲ್ಲಿನ ಅಂಗುಲದಗಲದ ಮಾದರಿಯನ್ನು ನೋಡಿ ಇಡೀ ಕೋಣೆಯನ್ನು ಊಹಿಸಲು ಹೊರಟಾಗ ಈ ಅಂಶಗಳು ಲೆಕ್ಕಕ್ಕೆ ಬಾರದಿರುವುದರಿಂದಲೇ ಅನೇಕರು ಅಳುಕಿ ಕೊನೆಗೆ ಕೆನೆಬಣ್ಣಕ್ಕೆ ಒಪ್ಪಿಕೊಳ್ಳುತ್ತಾರೆ.

ಅಮೆರಿಕದ ಚಿತ್ರಕಾರ ಹಾಗೂ ಕಲಾಶಿಕ್ಷಕ ಆಲ್ಬರ್ಟ್ ಮನ್ಸೆಲ್ 1905ರಲ್ಲಿ ಪ್ರಕಟಿಸಿದ ಪದ್ಧತಿಯ ಪ್ರಕಾರ ಪ್ರತಿಯೊಂದು ಬಣ್ಣಕ್ಕೂ ಮೂರು ಗುಣಗಳಿವೆ: ಕೆಂಪು, ಹಳದಿ, ಹಸಿರು ಎಂದು ಗುರುತಿಸಲು ನೆರವಾಗುವ ವರ್ಣ, ಕಪ್ಪಿನಿಂದ ಬಿಳುಪಿನವರೆಗಿನ ಏಣಿಯಲ್ಲಿ ಅದರ ಸ್ಥಾನವನ್ನು ತಿಳಿಸುವ ತಿಳಿತನ, ಬೂದುಬಣ್ಣದಿಂದ ಅದು ಎಷ್ಟು ದೂರವಿದೆ ಎಂಬುದನ್ನು ತೋರಿಸುವ ತೀವ್ರತೆ. ಮಂಗಳೂರು ಹಂಚು ಮತ್ತು ದಾಸವಾಳ ಎರಡನ್ನೂ ಕೆಂಪೆಂದೇ ಕರೆದರೂ ಹಂಚಿನ ತೀವ್ರತೆ ಬಹಳ ಕಡಿಮೆ, ಆದ್ದರಿಂದಲೇ ಹಂಚಿನ ಕೆಂಪು ವಿಸ್ತಾರವಾದ ಮೇಲ್ಮೈಯಲ್ಲಿ ಕಣ್ಣಿಗೆ ಹಿತವಾಗಿರುತ್ತದೆ. ಮನೆಗಳಲ್ಲಿ ಬಣ್ಣ ಕೆಡುವುದು ಹೆಚ್ಚಾಗಿ ವರ್ಣದ ಆಯ್ಕೆಯಲ್ಲಲ್ಲ, ತೀವ್ರತೆಯ ಆಯ್ಕೆಯಲ್ಲಿ. ನಾಲ್ಕು ಗೋಡೆಗಳಿಗೂ ಒಂದೇ ಬಣ್ಣ ಬಳಿದಾಗ ಒಂದು ಗೋಡೆಯಿಂದ ಪ್ರತಿಫಲಿಸಿದ ಬಣ್ಣದ ಬೆಳಕು ಇನ್ನೊಂದರ ಮೇಲೆ ಬಿದ್ದು ಮತ್ತೆ ಮರಳುವುದರಿಂದ ಬಣ್ಣವು ಮಾದರಿಯಲ್ಲಿ ಕಂಡದ್ದಕ್ಕಿಂತ ತೀವ್ರವಾಗುತ್ತದೆ. ಮೆಚ್ಚಿದ ಬಣ್ಣಕ್ಕಿಂತ ಒಂದು ಮೆಟ್ಟಿಲು ಮಂಕಾದುದನ್ನು ಆರಿಸುವ ರೂಢಿಗೆ ಕಾರಣ ಇದೇ.

ನೆರೆಯ ಬಣ್ಣಗಳ ಪ್ರಭಾವವನ್ನು ಮೊದಲು ಕ್ರಮವಾಗಿ ವಿವರಿಸಿದವರಲ್ಲಿ ಪ್ರಮುಖನಾದವನು ಫ್ರಾನ್ಸಿನ ರಸಾಯನವಿಜ್ಞಾನಿ ಮಿಶೆಲ್ ಯೂಜೀನ್ ಶೆವ್ರೇಲ್. ಪ್ಯಾರಿಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ ಅವನಿಗೆ ಕಪ್ಪು ನೂಲಿನಲ್ಲಿ ಗಾಢತೆ ಸಾಲದೆಂಬ ದೂರು ಬಂದಾಗ, ಅವನು ಪರೀಕ್ಷಿಸಿ, ನೂಲಿಗೆ ಹಾಕಿದ ಬಣ್ಣದಲ್ಲಿ ದೋಷವಿಲ್ಲವೆಂದೂ ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ಎಳೆಗಳೇ ಕಪ್ಪನ್ನು ಮಂಕಾಗಿಸುತ್ತಿವೆಯೆಂದೂ ಕಂಡುಕೊಂಡನು. 1839ರಲ್ಲಿ ಅವನ ಸಿದ್ಧಾಂತ ಗ್ರಂಥರೂಪದಲ್ಲಿ ಹೊರಬಂದಿತು. ಬೂದುಬಣ್ಣದ ಗೋಡೆ ಹಸಿರು ಸೋಫಾದ ಹಿಂದೆ ತುಸು ಗುಲಾಬಿಯಾಗಿ ಕಾಣುವುದೂ ಇದೇ ನಿಯಮದಿಂದ.

ಬೆಳಕಿನ ವಿಷಯದಲ್ಲಿ ಯೂರೋಪಿನ ಕೈಪಿಡಿಗಳನ್ನು ಹಾಗೆಯೇ ಅನುಸರಿಸುವುದು ಕರ್ನಾಟಕದ ಮನೆಗಳಿಗೆ ಒಗ್ಗುವುದಿಲ್ಲ. ಉತ್ತರದ ಕಿಟಕಿಯ ಕೋಣೆ ತಣ್ಣಗಿನ ನೀಲಿ ಬೆಳಕಿನದಾದ್ದರಿಂದ ಅದಕ್ಕೆ ಕೆಂಪು, ಹಳದಿ ಛಾಯೆಯ ಬೆಚ್ಚನೆಯ ಬಣ್ಣಗಳೇ ಬೇಕೆಂದು ಅವು ಹೇಳುತ್ತವೆ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಉತ್ತರದ ಗೋಡೆಗೂ ಆಗ ನೇರ ಬಿಸಿಲು ತಾಗುತ್ತದೆ. ಕರಾವಳಿ ಮತ್ತು ಮಲೆನಾಡಿನಲ್ಲಂತೂ ಮಳೆಗಾಲದ ತಿಂಗಳುಗಳ ಮೋಡದ ಬೆಳಕನ್ನೂ ಗಣನೆಗೆ ತಂದುಕೊಳ್ಳಬೇಕಾಗುತ್ತದೆ. ರಾತ್ರಿಯ ದೀಪವೂ ಇಷ್ಟೇ ಮುಖ್ಯ. ಬೆಳಕಿನ ಛಾಯೆಯನ್ನು ಕೆಲ್ವಿನ್ ಎಂಬ ಮಾನದಲ್ಲಿ ಅಳೆಯುತ್ತಾರೆ. 2700 ಕೆಲ್ವಿನ್‌ನ ಎಲ್‌ಇಡಿ ದೀಪದ ಬೆಳಕು ಹಳದಿಯಾಗಿದ್ದು 6500 ಕೆಲ್ವಿನ್‌ನದು ನೀಲಿಬಿಳಿಯಾಗಿರುವುದರಿಂದ, ಮೊದಲನೆಯದರಲ್ಲಿ ಹೊಳೆಯುವ ಕೇಸರಿ ಗೋಡೆ ಎರಡನೆಯದರಲ್ಲಿ ಸಪ್ಪೆಯಾಗುತ್ತದೆ. ಹಗಲಿನಲ್ಲಿ ಒಂದೇ ಎನಿಸಿದ ಪರದೆ ಮತ್ತು ಗೋಡೆಯ ಬಣ್ಣಗಳು ದೀಪದಡಿ ಬೇರೆಯಾಗಿ ಕಾಣುವುದೂ ಉಂಟು. ಎರಡರ ವರ್ಣದ್ರವ್ಯಗಳು ಬೇರೆಯಾಗಿದ್ದು, ಒಂದು ಬಗೆಯ ಬೆಳಕಿನಲ್ಲಿ ಮಾತ್ರ ಕಣ್ಣಿಗೆ ಸಮನಾಗಿ ತೋರುವುದು ಇದಕ್ಕೆ ಕಾರಣ.

ಕನ್ನಡ ನಾಡಿನ ಹಳೆಯ ಮನೆಗಳಲ್ಲಿ ಈ ತಿಳಿವಳಿಕೆ ಕೈಕಸುಬಿನ ರೂಪದಲ್ಲಿತ್ತು. ಸುಣ್ಣಕ್ಕೆ ಒಂದಿಷ್ಟು ನೀಲಿ ಕದಡಿ ಬಳಿಯುತ್ತಿದ್ದುದರ ಉದ್ದೇಶ ಗೋಡೆಯನ್ನು ನೀಲಿಯಾಗಿಸುವುದಲ್ಲ, ಸುಣ್ಣದ ಹಳದಿ ಛಾಯೆಯನ್ನು ಅಡಗಿಸಿ ಬಿಳುಪನ್ನು ಎತ್ತಿಕೊಡುವುದು. ಕಾವಿಯ ನೆಲವಿರುವ ನಡುಮನೆಯಲ್ಲಿ ಅಂಥ ಗೋಡೆಯನ್ನು ಬಗ್ಗಿ ನೋಡಿದರೆ ಕೆಳಭಾಗ ಕೆಂಪೇರಿ, ಮೇಲೆ ಹೋದಂತೆ ಬೆಳ್ಳಗಾಗುವುದು ಕಾಣುತ್ತದೆ. ನೆಲದಿಂದ ಪ್ರತಿಫಲಿಸುವ ಬೆಳಕೇ ಆ ಕೆಂಪಿನ ಮೂಲ. ಸಾಗರ, ಸೊರಬ ಸೀಮೆಯ ದೀವರ ಹೆಂಗಸರು ಮದುವೆಯ ಹೊತ್ತಿಗೆ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವು ಬಣ್ಣದ ಧೈರ್ಯಕ್ಕೆ ಅತ್ಯುತ್ತಮ ನಿದರ್ಶನ. ಕೆಮ್ಮಣ್ಣಿನ ವಿಶಾಲ ಹಿನ್ನೆಲೆ, ಅದರ ಮೇಲೆ ಪುಂಡಿನಾರಿನ ಕುಂಚದಿಂದ ಎಳೆದ ಅಕ್ಕಿಹಿಟ್ಟಿನ ತೆಳು ಬಿಳಿಗೆರೆ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ ಇಷ್ಟರಲ್ಲೇ ಅದು ಮುಗಿಯುತ್ತದೆ. ಬಣ್ಣಗಳ ಸಂಖ್ಯೆಯನ್ನು ಇಷ್ಟು ಬಿಗಿಯಾಗಿ ಹಿಡಿದು, ತಿಳಿ ಮತ್ತು ಗಾಢಗಳ ಅಂತರವನ್ನು ಇಷ್ಟು ದೊಡ್ಡದಾಗಿ ಇಟ್ಟುಕೊಂಡ ಗೋಡೆ ಯಾವ ಆಧುನಿಕ ಒಳಾಂಗಣಕ್ಕೂ ಪಾಠವಾಗಬಲ್ಲದು.

ಆಧುನಿಕ ವಾಸ್ತುಶಿಲ್ಪವೆಂದರೆ ಬರಿಯ ಬಿಳುಪು ಎಂಬ ಭಾವನೆ ಸರಿಯಲ್ಲ. ಗೆರಿಟ್ ರೀಟ್‌ವೆಲ್ಡ್ 1924ರಲ್ಲಿ ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಕಟ್ಟಿದ ಶ್ರೋಡರ್ ಮನೆಯಲ್ಲಿ ಕೆಂಪು, ಹಳದಿ, ನೀಲಿಗಳು ಬೂದು, ಬಿಳುಪಿನ ನಡುವೆ ಪ್ರತಿಯೊಂದು ಫಲಕವನ್ನೂ ಬಿಡಿಬಿಡಿಯಾಗಿ ತೋರಿಸುತ್ತವೆ. ಮುಂದೆ ಚಂಡೀಗಢವನ್ನು ಯೋಜಿಸಿದ ಲ ಕಾರ್ಬ್ಯೂಸಿಯೆ 1931ರಲ್ಲಿ ಗೋಡೆಕಾಗದದ ಸಂಸ್ಥೆಯೊಂದಕ್ಕಾಗಿ 43 ಬಣ್ಣಗಳ ಶ್ರೇಣಿಯನ್ನೂ 1959ರಲ್ಲಿ ಇನ್ನೂ 20 ಬಣ್ಣಗಳನ್ನೂ ಸಿದ್ಧಪಡಿಸಿದನು. ಮೊದಲ ಶ್ರೇಣಿಯೊಡನೆ ಕಿಂಡಿಗಳುಳ್ಳ ಪಟ್ಟಿಯನ್ನೂ ಕೊಡಲಾಗಿದ್ದು, ಅದನ್ನು ಮಾದರಿಗಳ ಮೇಲಿಟ್ಟರೆ ಉಳಿದ ಬಣ್ಣಗಳು ಮರೆಯಾಗಿ ಕೆಲವೇ ಬಣ್ಣಗಳ ಜೋಡಣೆ ಎದ್ದು ಕಾಣುತ್ತಿತ್ತು. ಬಣ್ಣವನ್ನು ಒಂಟಿಯಾಗಿ ನೋಡದೆ ಜೋಡಣೆಯಾಗಿ ನೋಡಲು ಇದಕ್ಕಿಂತ ಸರಳ ಉಪಾಯ ಸಿಗುವುದು ಕಷ್ಟ.

ಬಣ್ಣದ ಪಾಲನ್ನು ನೂರಕ್ಕೆ 60, 30, 10ರಂತೆ ಹಂಚಬೇಕೆಂಬ ಸೂತ್ರ ಈಗ ಜನಪ್ರಿಯವಾಗಿದೆಯಾದರೂ, ಪ್ರಯೋಗವು ಅದಕ್ಕಿಂತ ಹೆಚ್ಚು ನಂಬಲರ್ಹ. ಎರಡಡಿ ಚೌಕದ ಹಲಗೆಗೆ ಎರಡು ಕೈ ಬಣ್ಣ ಬಳಿದು, ಬೆಳಿಗ್ಗೆ, ಇಳಿಹೊತ್ತು ಮತ್ತು ರಾತ್ರಿ ಬೇರೆಬೇರೆ ಗೋಡೆಗಳ ಬಳಿ ನೆಲ ಹಾಗೂ ಪರದೆಯ ಪಕ್ಕದಲ್ಲಿಟ್ಟು ನೋಡುವುದು ಸರಿಯಾದ ಕ್ರಮ. ಎಮಲ್ಷನ್ ಬಣ್ಣವು ಸಾಮಾನ್ಯವಾಗಿ ಒಣಗಿದ ಮೇಲೆ ತುಸು ಗಾಢವಾಗುತ್ತದೆ, ಸುಣ್ಣವು ಬೆಳ್ಳಗಾಗುತ್ತದೆ. ಆದ್ದರಿಂದ ಹಸಿ ಬಣ್ಣವನ್ನು ನೋಡಿ ತೀರ್ಮಾನಿಸಬಾರದು. ಹೊಳಪಿಲ್ಲದ ಬಣ್ಣ ಗಾರೆಯ ಏರುತಗ್ಗುಗಳನ್ನು ಮರೆಮಾಚಿದರೆ, ಹೊಳಪಿನ ಬಣ್ಣ ಅವನ್ನು ಎತ್ತಿ ತೋರಿಸುತ್ತದೆಯಾದರೂ ಒರೆಸಿ ತೊಳೆಯಲು ಅನುಕೂಲ. ಗೃಹಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಮಿತಿಗೊಳಿಸುವ ನಿಯಮಗಳು ಭಾರತದಲ್ಲಿ 2016ರಲ್ಲಿ ಪ್ರಕಟವಾಗಿ ಮರುವರ್ಷ ಜಾರಿಗೆ ಬಂದವು. ಅದಕ್ಕೂ ಹಿಂದೆ ಬಳಿದ ಎನಾಮಲ್‌ನಲ್ಲಿ ಸೀಸವಿರುವ ಸಾಧ್ಯತೆಯಿರುವುದರಿಂದ, ಹಳೆಯ ಬಾಗಿಲು, ಕಿಟಕಿಗಳನ್ನು ಮರಳುಕಾಗದದಿಂದ ಉಜ್ಜುವಾಗ ಒಣಗಿದ್ದಂತೆಯೇ ಉಜ್ಜದೆ ನೀರು ತಾಗಿಸಿ ಉಜ್ಜಿ, ಮಕ್ಕಳನ್ನು ದೂರವಿರಿಸಿ, ಉದುರಿದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.