ನಾಗನ ಕಲ್ಲು, ಊರಿನ ಕೆರೆ

ಪಂಚಮಿ ಹಬ್ಬದ ಮರುದಿನ. ಕಮಲಾಪುರದ ನಮ್ಮ ಶಾಲೆಯಲ್ಲಿ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಗುರುಗಳೇ, ಇಂಗ್ಲಿಷ್ ಪಾಠದಾಗ ವೀರ ಡ್ರಾಗನ್ನನ್ನು ಈಟಿಲಿಂದ ಇರಿತಾನ. ನಮ್ಮವ್ವ ನಿನ್ನೆ ನಾಗಪ್ಪಗ ಹಾಲೆರದಾಳ. ಎರಡೂ ಹಾವೇ ಅಲ್ಲೇನ್ರಿ?”

ಆ ವೀರ ಸಂತ ಜಾರ್ಜ್. ಹದಿಮೂರನೆಯ ಶತಮಾನದಲ್ಲಿ ಇಟಲಿಯ ಪಾದ್ರಿ ಯಾಕೋಬಸನು ಸಂಕಲಿಸಿದ ಸಂತರ ಚರಿತ್ರೆಯಲ್ಲಿ ಈ ಕಥೆ ಬರುತ್ತದೆ. ಲಿಬಿಯಾದ ಒಂದು ಪಟ್ಟಣದ ಬಳಿ ದೊಡ್ಡ ಕೆರೆ. ಅದರಲ್ಲಿ ವಿಷವನ್ನುಸಿರುವ ಘೋರಸರ್ಪ. ಅದಕ್ಕೆ ಮೊದಲು ಕುರಿಗಳನ್ನು, ಅನಂತರ ಮಕ್ಕಳನ್ನು ಕೊಟ್ಟರು. ಕೊನೆಗೆ ರಾಜಕುಮಾರಿಯ ಸರದಿ ಬಂದಾಗ ಜಾರ್ಜನು ಬಂದು ಅದನ್ನು ಕೊಂದನು. ಪಶ್ಚಿಮದ ಡ್ರಾಗನ್ನು ಹೆಚ್ಚಾಗಿ ಇಂಥದೇ: ಬೆಂಕಿಯುಗುಳುವುದು, ನಿಧಿಯನ್ನು ಬಾಚಿಕೊಂಡು ಕೂರುವುದು, ವೀರನ ಕೈಯಲ್ಲಿ ಸಾಯುವುದು.

ಚೀನಾದ ‘ಲುಂಗ್’ ಬೇರೆ ಬಗೆಯದು. ಅದರ ಮನೆ ನದಿ, ಕಡಲು, ಮೋಡ. ಮಳೆ ಹೋದರೆ ಜನ ಅದನ್ನೇ ಪ್ರಾರ್ಥಿಸುತ್ತಿದ್ದರು. ಚಕ್ರವರ್ತಿಯ ಉಡುಪಿನ ಮೇಲೂ ಅದರ ಚಿತ್ರವಿತ್ತು. ಬೌದ್ಧಗ್ರಂಥಗಳನ್ನು ಚೀನೀ ಭಾಷೆಗೆ ತಂದ ಪಂಡಿತರು ನಮ್ಮ ‘ನಾಗ’ ಶಬ್ದಕ್ಕೆ ಈ ‘ಲುಂಗ್’ ಶಬ್ದವನ್ನೇ ಬಳಸಿದರು. ಇಬ್ಬರೂ ನೀರಿನ ಒಡೆಯರಲ್ಲವೆ?

ಹಾಗೆಂದು ಪೂರ್ವದಲ್ಲಿ ಸರ್ಪಸಂಹಾರವೇ ಇಲ್ಲವೆನ್ನಲಾಗದು. ಋಗ್ವೇದದ ಇಂದ್ರನು ನೀರನ್ನು ತಡೆಹಿಡಿದ ವೃತ್ರನೆಂಬ ಸರ್ಪವನ್ನು ಕೊಂದೇ ಹೊಳೆಗಳನ್ನು ಹರಿಯಿಸಿದನು. ಆದರೆ ಭಾಗವತದ ಕಾಳಿಯನ ಕಥೆಯನ್ನು ನೋಡಿರಿ. ಅವನೂ ಜಾರ್ಜನ ಕಥೆಯ ಸರ್ಪದಂತೆ ನೀರಿಗೆ ವಿಷವಿಕ್ಕಿದವನೇ. ಕೃಷ್ಣನು ಹೆಡೆಗಳನ್ನು ಮೆಟ್ಟಿ ಕುಣಿದನು. ನಾಗಪತ್ನಿಯರು ಮೊರೆಯಿಡಲು ಪ್ರಾಣವುಳಿಸಿ ಕಡಲಿಗೆ ಕಳುಹಿದನು. ಯಮುನೆ ತಿಳಿಯಾಯಿತು, ನಾಗನೂ ಬದುಕಿದನು.

ಇನ್ನು ನಮ್ಮ ಕನ್ನಡನಾಡಿನದೇ ಸಾಕ್ಷ್ಯವೊಂದಿದೆ. ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿ ಐದು ಹೆಡೆಯ ನಾಗಶಿಲೆ ಇದೆ, ಕದಂಬರಿಗಿಂತ ಹಿಂದಿನದು. ಅದರ ಮೇಲಿನ ಪ್ರಾಕೃತ ಶಾಸನದಂತೆ, ಚುಟು ವಂಶದ ಅರಸನ ಕಾಲದಲ್ಲಿ ರಾಜಪುತ್ರಿಯೊಬ್ಬಳು ಮೂರನ್ನು ದಾನವಿತ್ತಳು: ಒಂದು ನಾಗ, ಒಂದು ಕೆರೆ, ಒಂದು ವಿಹಾರ. ನಾಗನನ್ನು ಕಡೆದ ಶಿಲ್ಪಿ ನಟಕ.

ನಾಗನ ಜೊತೆಗೆ ಕೆರೆ! ನಮ್ಮ ಹಿರಿಯರು ನಾಗರಕಲ್ಲುಗಳನ್ನು ಬಾವಿಯ ಬದಿಯಲ್ಲಿ, ಕೆರೆಯ ಏರಿಯಲ್ಲಿ ನಿಲ್ಲಿಸಿದುದರ ಅರ್ಥ ಇದರಿಂದ ಹೊಳೆಯುತ್ತದೆ. ಅಂಜಿಕೆಯೂ ಒಂದು ಕಾರಣವಿರಬಹುದು. ಆದರೆ ನಾಗನಿರುವ ನೀರನ್ನು ಕೆಡಿಸಬಾರದೆಂಬ ಕಟ್ಟಳೆಯೂ ಅಲ್ಲಿದೆ.

ನಮ್ಮ ಓಣಿಯ ಹಳೆಯ ಬಾವಿಯ ಬಳಿ ಇಂಥ ಎರಡು ಕಲ್ಲುಗಳಿವೆ. ಪಂಚಮಿಗೆ ಅರಿಸಿನ, ಕುಂಕುಮ, ಹಾಲು ತಪ್ಪುವುದಿಲ್ಲ. ಬಾವಿಯಲ್ಲಿ ಮಾತ್ರ ಕಸ, ಹೂಳು. ಕಲಬುರಗಿ ಮಳೆಯನ್ನು ನೆಚ್ಚಿದ ಸೀಮೆ; ಕಮಲಾಪುರದ ಹೆಸರಾದ ಕೆಂಪು ಬಾಳೆಗೂ ನೀರೇ ಆಧಾರ. ಹೀಗಿರುವಾಗ ರಾಜಪುತ್ರಿಯ ದಾನದಲ್ಲಿ ನಾವು ನಾಗನನ್ನು ಉಳಿಸಿಕೊಂಡು ಕೆರೆಯನ್ನು ಕಳೆದುಕೊಂಡೆವಲ್ಲವೆ?

ಹುಡುಗನಿಗೆ ಇದನ್ನೇ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಬರೋ ಪಂಚಮಿಯೊಳಗ ಬಾವಿ ಹೂಳು ತಗಸಬೇಕ್ರಿ,” ಎಂದ. ನಾನು ಹೇಳಬೇಕೆಂದಿದ್ದ ಮಾತೂ ಅದೇ ಆಗಿತ್ತು.