ಮೃಗರೂಪದ ಮೃತ್ಪಾತ್ರಗಳೂ ಸುರಪುರ ಸೀಮೆಯ ಪ್ರಾಚೀನ ಮಣ್ಣಿನ ಕೆಲಸವೂ

ಕುಂಭವೆಂಬ ಶಬ್ದಕ್ಕೆ ಕೊಡವೆಂದೂ ಆನೆಯ ನೆತ್ತಿಯ ಉಬ್ಬೆಂದೂ ಎರಡರ್ಥಗಳುಂಟು. ತುಂಬುಗೆಚ್ಚಲಿನ ಹಸುವನ್ನು ಸಂಸ್ಕೃತ ಕವಿಗಳು ಕುಂಡೋಧ್ನಿಯೆಂದು ಕರೆದರು. ಕನ್ನಡದಲ್ಲಿ ಕೊಡಗೆಚ್ಚಲೆಂಬ ಮಾತುಂಟು. ಮಡಕೆಗೆ ಬಾಯಿ, ಕೊರಳು, ಹೊಟ್ಟೆಗಳನ್ನು ಹೇಳುವುದಂತೂ ಲೋಕರೂಢಿಯೇ ಆಗಿದೆ. ಪಾತ್ರಕ್ಕೂ ಪ್ರಾಣಿಯ ಶರೀರಕ್ಕೂ ಇರುವ ಈ ಸಾಮ್ಯವನ್ನು ನಮ್ಮ ಭಾಷೆಗಳು ಶಬ್ದದಲ್ಲಿ ಹಿಡಿದವು. ಚೀನದೇಶದ ಪ್ರಾಚೀನ ಕುಂಬಾರನು ಅದನ್ನು ಮಣ್ಣಿನಲ್ಲಿಯೇ ರೂಪಿಸಿದನು. ಕೃಷ್ಣಾ ಭೀಮಾ ನದಿಗಳ ನಡುವಣ ಸುರಪುರ, ಶಹಾಪುರ ಸೀಮೆಯ ಮಣ್ಣಿನ ಕೆಲಸವನ್ನು ಆ ಚೀನೀ ಪಾತ್ರಗಳೊಡನೆ ಹೋಲಿಸಿದರೆ ಸಿದ್ಧವಾಗುವುದೇನು, ಸಿದ್ಧವಾಗದಿರುವುದೇನು ಎಂಬುದು ವಿಚಾರಾರ್ಹವಾದ ವಿಷಯವಾಗಿದೆ.

ಮೊದಲು ಚೀನದ ಸಂಗತಿ. ಷಾನ್‌ಡಾಂಗ್ ಪ್ರಾಂತದ ದವೆನ್‌ಕೌ ಸಂಸ್ಕೃತಿಯು ಕ್ರಿ. ಪೂ. ಸುಮಾರು 4100ರಿಂದ 2600ರ ವರೆಗಿನದು. ಅದಕ್ಕೆ ಸೇರಿದ ಕೆಂಪುಮಣ್ಣಿನ ಪಾತ್ರವೊಂದು ನಾಲ್ಕು ಕಾಲುಗಳ ಮೇಲೆ ನಿಂತ ಪ್ರಾಣಿಯಂತಿದೆ. ಹೊಟ್ಟೆಯೇ ದ್ರವವನ್ನು ಹಿಡಿಯುವ ಸ್ಥಳ. ತೆರೆದ ಬಾಯಿಯೇ ಸುರಿಯುವ ಮೂತಿ. ಬೆನ್ನಿನ ಮೇಲೆ ಹಿಡಿ. ಬಾಲದ ಬಳಿ ತುಂಬುವ ಕೊಳವೆ. ಅದು ಹಂದಿಯೋ ನಾಯಿಯೋ ಎಂಬಲ್ಲಿ ಮತಭೇದವುಂಟು. ಇದಕ್ಕೂ ಹಿಂದಿನ ಯಾಂಗ್‌ಷಾವ್ ಸಂಸ್ಕೃತಿಯ ಗೂಬೆಯಾಕಾರದ ಕಪ್ಪು ಪಾತ್ರದಲ್ಲಿ ಎರಡು ಕಾಲುಗಳೂ ಬಾಲವೂ ಸೇರಿ ಮೂರು ಆಧಾರಗಳಾಗಿವೆ. 1973ರಲ್ಲಿ ಬೆಳಕಿಗೆ ಬಂದ ಹೆಮುಡು ನೆಲೆಯ ಬೋಗುಣಿಯಲ್ಲಾದರೋ ಹಂದಿಯು ಕೇವಲ ಕೊರೆದ ಚಿತ್ರವಾಗಿದೆ. ಹಿಂದಿನ ಎರಡರಲ್ಲಿ ಪ್ರಾಣಿಯ ಅವಯವವು ಅಲಂಕಾರಮಾತ್ರವಲ್ಲ, ಪಾತ್ರದ ಕಾರ್ಯಕ್ಕೆ ಅಂಗವಾದುದು.

ಇನ್ನು ಸುರಪುರದ ಸೀಮೆ. ಇಲ್ಲಿಯ ಪ್ರಾಚೀನ ಸಮಾಧಿಗಳನ್ನು ಮೊದಲು ಅಗೆಸಿ ವರ್ಣಿಸಿದವನು ಅಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್. ಬಳಿಕ ಕೆ. ಪದ್ದಯ್ಯನವರು 1965–66ರಲ್ಲಿ ಕೊಡೇಕಲ್ಲಿನಲ್ಲಿಯೂ, ಕಳೆದ ಶತಮಾನದ ಕೊನೆಯ ದಶಕದಲ್ಲಿ ಬೂದಿಹಾಳದಲ್ಲಿಯೂ ಉತ್ಖನನ ನಡೆಸಿದರು. ಬೂದಿಹಾಳದ ಹೆಸರಿನಲ್ಲಿಯೇ ಬೂದಿಯಿದೆ. ಅಲ್ಲಿಯ ದಿಬ್ಬವು ನವಶಿಲಾಯುಗದ ಗೋಪಾಲಕರು ಕೂಡಿಹಾಕಿ ಸುಟ್ಟ ಸಗಣಿಯ ರಾಶಿ. ದನಗಳ ದೊಡ್ಡಿಯೂ, ಅವುಗಳನ್ನು ಕಡಿದು ಹಸುಗೆ ಮಾಡುತ್ತಿದ್ದ ನೆಲವೂ ಅಲ್ಲಿ ಕಂಡುಬಂದಿವೆ. ಗೋವೇ ಆ ಜನರ ಜೀವನಾಧಾರವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ.

ಹೀಗಿದ್ದರೂ ದಕ್ಷಿಣದ ನವಶಿಲಾಯುಗದ ಮುಖ್ಯ ಪಾತ್ರಗಳು ಬೋಗುಣಿ, ಗಡಿಗೆ, ಗಿಂಡಿಯಂತೆ ಮೂತಿಯುಳ್ಳ ಪಾತ್ರ ಮೊದಲಾದುವು. ಕೃಷ್ಣೆಯ ಆಚೆಯ ಪಿಕ್ಲಿಹಾಳದಂತಹ ನೆಲೆಗಳಲ್ಲಿ ಹಿಣಿಲುಳ್ಳ ಎತ್ತು ಪಾತ್ರವಾಗಿ ಅಲ್ಲ, ಬೇರೆಯೇ ಒಂದು ಮಣ್ಣಿನ ಬೊಂಬೆಯಾಗಿ ದೊರೆಯುತ್ತದೆ. ಬಂಡೆಗಳ ಮೇಲೆ ಕುಟ್ಟಿದ ಚಿತ್ರವಾಗಿಯೂ ಇದೆ. ಪಾತ್ರಕ್ಕೆ ಮೃಗರೂಪವು ಸೇರುವುದು ದಕ್ಷಿಣದಲ್ಲಿ ವಿಶೇಷವಾಗಿ ಶವಸಂಸ್ಕಾರದ ಸಂಬಂಧದಲ್ಲಿ. ಕಡಪಾ ಜಿಲ್ಲೆಯ ಶಂಖವರದ ಮಣ್ಣಿನ ಶವಪೆಟ್ಟಿಗೆಯು ಟಗರಿನ ಆಕಾರದ್ದು. ನೀಲಗಿರಿಯ ಸಮಾಧಿಗಳ ಪಾತ್ರಗಳಿಗೆ ಎಮ್ಮೆ ಮೊದಲಾದ ಪ್ರಾಣಿಗಳು ನಿಂತ ಮುಚ್ಚಳಗಳಿವೆ. ಬ್ರೀಕ್ಸನ ಗ್ರಂಥವು 1873ರಲ್ಲಿಯೇ ಅವನ್ನು ವರ್ಣಿಸಿತು.

ಇವುಗಳಿಂದ ಚೀನದ ಸಂಬಂಧವನ್ನು ಊಹಿಸಬಹುದೇ? ಆಗದು. ಬೂದಿಹಾಳದ ಕಾಲವು ಕ್ರಿ. ಪೂ. ಮೂರನೆಯ ಸಹಸ್ರಮಾನದ ಉತ್ತರಾರ್ಧ ಮತ್ತು ಅನಂತರದ ಕೆಲವು ಶತಮಾನಗಳು. ನೀಲಗಿರಿಯ ಮುಚ್ಚಳಗಳು ಬಹಳ ಈಚಿನವು. ಕಾಲವೊಂದೇ ಅಲ್ಲ, ಪ್ರಯೋಜನವೂ ಭಿನ್ನ. ದವೆನ್‌ಕೌ ಪಾತ್ರದಲ್ಲಿ ಪ್ರಾಣಿಯು ಸುರಿಯುತ್ತದೆ. ಶಂಖವರದಲ್ಲಿ ಅಸ್ಥಿಯನ್ನು ಒಳಗೊಳ್ಳುತ್ತದೆ. ನೀಲಗಿರಿಯಲ್ಲಿ ಮೇಲೆ ನಿಲ್ಲುತ್ತದೆ. ಪಿಕ್ಲಿಹಾಳದಲ್ಲಿ ಪಾತ್ರವನ್ನೇ ಬಿಟ್ಟು ತಾನೇ ನಿಂತಿದೆ. ಟೇಲರನು ಸುರಪುರದ ಕಲ್ಗೋರಿಗಳನ್ನು ಯುರೋಪಿನವುಗಳಿಗೆ ಹೋಲಿಸಿ ‘ಸಿಥೋ-ಡ್ರೂಯಿಡಿಕ’ವೆಂದು ಹೆಸರಿಸಿದನು. ಅವನ ವರ್ಣನೆ, ನಕ್ಷೆಗಳು ಇಂದಿಗೂ ಉಪಯುಕ್ತವಾಗಿವೆ. ಆ ಹೆಸರು ಮಾತ್ರ ನಿಲ್ಲಲಿಲ್ಲ. ರೂಪಸಾಮ್ಯವು ಪ್ರಶ್ನೆಗೆ ಕಾರಣವಾದೀತೇ ಹೊರತು ಬಾಂಧವ್ಯಕ್ಕೆ ಪ್ರಮಾಣವಾಗದು. ಈ ಸೀಮೆಯಲ್ಲಿ ಜ್ಯೇಷ್ಠದ ಅಮಾವಾಸ್ಯೆಯಂದು ಪೂಜಿಸುವ ಮಣ್ಣೆತ್ತನ್ನು ನವಶಿಲಾಯುಗದ ಬೊಂಬೆಯ ಸಂತಾನವೆಂದು ಒಮ್ಮೆಗೇ ಹೇಳುವುದಕ್ಕೂ ಇದೇ ನಿಯಮವು ಅನ್ವಯಿಸುತ್ತದೆ. ನಡುವಣ ಸಾವಿರಾರು ವರ್ಷಗಳ ಸರಪಳಿಯನ್ನು ತೋರಿಸಬೇಕಾಗುತ್ತದೆ.

ನಿರ್ಣಯಕ್ಕೆ ಬೇಕಾದ ಪ್ರಮಾಣವು ಅನೇಕವೇಳೆ ಒಂದು ಬೋಕಿಯಲ್ಲಿರುತ್ತದೆ. ಮುರಿದ ಕೊಂಬು ಅಥವಾ ಕಾಲು ದೊರೆತಾಗ, ಮುರಿದ ಕಡೆಯಲ್ಲಿ ಅದು ಪೊಳ್ಳೋ ಗಟ್ಟಿಯೋ, ಪಾತ್ರದ ಗೋಡೆಯ ಬಾಗು ಅದಕ್ಕೆ ಅಂಟಿದೆಯೋ ಇಲ್ಲವೋ ಎಂದು ನೋಡಿದರೆ, ಪಾತ್ರದ ಅಂಗವೋ ಬೊಂಬೆಯದೋ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಆದರೆ ದೊರೆತ ಸ್ಥಳವೂ ಪದರವೂ ತಿಳಿಯದಿದ್ದರೆ ಅದರ ಕಾಲವು ತಿಳಿಯದು. ಬೂದಿಯನ್ನು ಹೊಲಗಳಿಗೆ ಗೊಬ್ಬರವಾಗಿ ಸಾಗಿಸುವ ವಾಡಿಕೆಯಿಂದ ದಕ್ಷಿಣದ ಅನೇಕ ಬೂದಿದಿಬ್ಬಗಳು ಕರಗಿವೆ. ಬೂದಿಯೊಡನೆ ಬೋಕಿಗಳೂ ಸ್ಥಾನಭ್ರಷ್ಟವಾಗಿವೆ. ಸುರಪುರ, ಶಹಾಪುರ, ಯಾದಗಿರಿಗಳ ಉಪಾಧ್ಯಾಯರು ತಮ್ಮ ಊರ ದಿಬ್ಬಗಳನ್ನು ಗುರುತಿಸಿ, ಅಗೆಯದೆ, ಕಂಡುದನ್ನು ಕಂಡಲ್ಲಿಯೇ ಬರೆದಿಟ್ಟು ಪ್ರಾಕ್ತನ ಇಲಾಖೆಗೆ ತಿಳಿಸಿದರೆ, ಈ ಸೀಮೆಯ ಕುಂಬಾರನು ಪ್ರಾಣಿಯನ್ನು ಪಾತ್ರದಿಂದ ಬೇರೆಯಾಗಿಯೇ ಇರಿಸಿದನೋ ಎಂಬ ಪ್ರಶ್ನೆಗೆ ಊಹೆಯಿಂದಲ್ಲದೆ ಸಾಕ್ಷ್ಯದಿಂದಲೇ ಉತ್ತರ ದೊರೆಯುವುದು.