ಬಂಡೆಗೆ ಅಂಟಿದ ಚಿಪ್ಪಿನ ಕುಲಗೋತ್ರ

ಭದ್ರಾ ಹೊಳೆಯ ಬಂಡೆಗಳ ಮೇಲೆ ಬದುಕುವ ಒಂದು ಚಿಪ್ಪುಜೀವಿ ಎಳವೆಯಲ್ಲೇ ತನ್ನ ಒಂದು ಚಿಪ್ಪನ್ನು ಕಲ್ಲಿಗೆ ಬೆಸೆದುಕೊಂಡು, ಸಾಯುವವರೆಗೂ ಅಲ್ಲಿಂದ ಕದಲುವುದಿಲ್ಲ. ಕೆಸರಿನಲ್ಲಿ ಕಾಲು ಚಾಚಿ ಸರಿದಾಡುವ ಮಾಮೂಲಿ ಕಪ್ಪೆಚಿಪ್ಪಿಗೂ ಇದಕ್ಕೂ ನೋಟದಲ್ಲಿ ಹೋಲಿಕೆಯೇ ಇಲ್ಲ. ಹೊರಮೈ ಒರಟು, ಅಂಚು ಸೊಟ್ಟ, ಕೂತ ಕಲ್ಲಿನ ಉಬ್ಬುತಗ್ಗೇ ಅದರ ಆಕಾರ. ನೋಡಿದವರು ಕಡಲ ಸಿಂಪಿ ಎಂದೇ ಅಂದುಕೊಳ್ಳಬೇಕು.

ಭದ್ರೆ ಹುಟ್ಟುವ ಜಿಲ್ಲೆಗೆ ಕಡೂರು ಜಿಲ್ಲೆ ಎಂದು ಹೆಸರಿದ್ದ ಕಾಲವದು. 1898ರಲ್ಲಿ ಇ.ಎ. ಸ್ಮಿತ್ ಈ ಜೀವಿಯನ್ನು ವರ್ಣಿಸಿ, ಡಾಲಿ ಎಂಬವರ ಹೆಸರಿನಲ್ಲಿ ‘ಮುಲ್ಲೇರಿಯಾ ಡಾಲಿಯೈ’ ಎಂದು ಕರೆದರು. ಮುಲ್ಲೇರಿಯಾ ಎಂಬುದು ದಕ್ಷಿಣ ಅಮೆರಿಕದ ನದಿಚಿಪ್ಪಿನ ಕುಲ. 1907ರಲ್ಲಿ ಆಂಟನಿ ನಮ್ಮದನ್ನು ಬೇರ್ಪಡಿಸಿ ‘ಸ್ಯೂಡೋಮುಲ್ಲೇರಿಯಾ’ ಎಂದರಾದರೂ ಕುಟುಂಬ ಬದಲಾಗಲಿಲ್ಲ. ಆಫ್ರಿಕದ ಈಥೇರಿಯಾ, ಕೊಲಂಬಿಯದ ಅಕೋಸ್ಟಿಯಾ, ಭದ್ರೆಯ ಚಿಪ್ಪು, ಮೂರೂ ದಾಯಾದಿಗಳು. ಗೊಂಡ್ವಾನ ಎಂಬ ಪ್ರಾಚೀನ ಮಹಾಖಂಡ ಒಡೆದಾಗ ಬೇರೆಯಾದವು ಎಂಬ ವಿವರಣೆಯೂ ಸುಲಭವಾಗಿ ಕೈಗೆ ಸಿಕ್ಕಿತು.

ಈ ನಂಬಿಕೆಯನ್ನು ಅಲುಗಾಡಿಸಿದ್ದು ಮೈಟೋಕಾಂಡ್ರಿಯಾದ ಡಿಎನ್‌ಎ. ಜೀವಕೋಶದಲ್ಲಿ ಅದರ ಪ್ರತಿಗಳು ಧಾರಾಳ, ಬದಲಾವಣೆಯೂ ಬೇಗ. 1994ರಲ್ಲಿ ಫಾಲ್ಮರ್ ತಂಡ ರೂಪಿಸಿದ ಪ್ರೈಮರ್‌ಗಳಿಂದ (ಜೀನಿನ ಪ್ರತಿ ತೆಗೆಯಲು ಬೇಕಾದ ಡಿಎನ್‌ಎ ಚೂರುಗಳಿಂದ) ‘ಸಿಒಐ’ ಜೀನಿನ ಸುಮಾರು 700 ಅಕ್ಷರಗಳ ತುಣುಕನ್ನು ಬಹುತೇಕ ಯಾವುದೇ ಅಕಶೇರುಕದಿಂದ ಪಡೆಯಬಹುದಾಯಿತು. 2000ದಲ್ಲಿ ಬೋಗನ್ ಮತ್ತು ಹೋಯ್ ಇದೇ ಜೀನನ್ನು ಓದಿ ನೋಡಿದರೆ, ಭದ್ರೆಯ ಚಿಪ್ಪು ಹೋಗಿ ಕೂತದ್ದು ಯೂನಿಯೊನಿಡೇ ಕುಟುಂಬದಲ್ಲಿ, ಅಂದರೆ ನಮ್ಮ ಕೆರೆಯ ಕಪ್ಪೆಚಿಪ್ಪುಗಳ ಮನೆಯಲ್ಲೇ! ಕಲ್ಲಿಗೆ ಅಂಟುವ ವಿದ್ಯೆಯನ್ನು ಬೇರೆ ಬೇರೆ ವಂಶಗಳು ತಾವಾಗಿಯೇ ಕಲಿತಿದ್ದವು. ನೂರು ವರ್ಷ ನಂಬಿದ ದಾಯಾದಿತನ ರಭಸದ ನೀರು ಕೊಟ್ಟ ವೇಷವಷ್ಟೆ.

ಆದರೆ ಈ ಡಿಎನ್‌ಎಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಸಾಮಾನ್ಯವಾಗಿ ಮೈಟೋಕಾಂಡ್ರಿಯಾ ಬರುವುದು ತಾಯಿಯಿಂದ ಮಾತ್ರ. ಕಪ್ಪೆಚಿಪ್ಪುಗಳ ಹಲವು ಜಾತಿಗಳಲ್ಲಿ ಹಾಗಲ್ಲ. ತಾಯಿಯದು ಎಲ್ಲ ಮಕ್ಕಳಿಗೂ, ತಂದೆಯದು ಗಂಡುಮಕ್ಕಳಿಗೆ. ಕಡಲ ಮಸ್ಸೆಲ್‌ಗಳಲ್ಲಿ ಮೊದಲು ಕಂಡ ಈ ವಿಚಿತ್ರ 1996ರ ಹೊತ್ತಿಗೆ ಸಿಹಿನೀರಿನವುಗಳಲ್ಲೂ ಖಚಿತವಾಯಿತು. ಎರಡು ಧಾರೆಗಳು ಬೇರ್ಪಟ್ಟು 20 ಕೋಟಿ ವರ್ಷ ದಾಟಿದೆ ಎಂಬುದು ಅಂದಾಜು. ಹಾಗಾಗಿ ಗಂಡಿನ ವೃಷಣದಿಂದ ಮಾದರಿ ತೆಗೆದರೆ ತಂದೆಯ ಧಾರೆ ಬಂದು, ಒಂದೇ ಜಾತಿಯ ಎರಡು ಜೀವಿಗಳು ವಂಶವೃಕ್ಷದ ಎರಡು ತುದಿಯಲ್ಲಿ ಕೂರುತ್ತವೆ. ಪಾದದಿಂದಲೋ ಮೈಹೊದಿಕೆಯ ಅಂಚಿನಿಂದಲೋ ಚೂರು ತೆಗೆಯುವ ಕಟ್ಟುನಿಟ್ಟು ಬಂದದ್ದು ಹೀಗೆ.

ಮುಂದೆ ಕೋಶಕೇಂದ್ರದ ಜೀನುಗಳನ್ನೂ ಜೊತೆಗಿಟ್ಟು ನೋಡುವ ರೂಢಿ ಬೆಳೆಯಿತು. 2011ರಲ್ಲಿ ವೀಲನ್, ಜೆನೀವ, ಗ್ರಾಫ್ ಸಿಒಐ ಜೊತೆ 28ಎಸ್ ಜೀನನ್ನು ಓದಿ, ಆಫ್ರಿಕದ ಸಿಲಟ್ಯೂರಾ ಕುಲವನ್ನು ಪ್ಯಾರೀಸಿಯಾದಂಥ ಏಷ್ಯಾದ ಚಿಪ್ಪುಗಳ ಪಕ್ಕಕ್ಕೆ ತಂದರು. ಸಿಂಪಿಯ ವೇಷದಲ್ಲಿ ಕಳೆದುಹೋದ ಆಫ್ರಿಕದ ನಂಟು ಮಾಮೂಲಿ ಕಪ್ಪೆಚಿಪ್ಪಿನಲ್ಲಿ ಸಿಕ್ಕಿತೆನ್ನಿ.

ಇತ್ತ ಉಡುಪಿಯ ಎನ್.ಎ. ಮಧ್ಯಸ್ಥ 2001ರಲ್ಲಿ ಪಶ್ಚಿಮಘಟ್ಟದ ಈ ಅಪರೂಪದ ಜೀವಿಯ ಬಗ್ಗೆ ಬರೆದು ಗಮನ ಸೆಳೆದರು. ಐಯುಸಿಎನ್ ಕೆಂಪುಪಟ್ಟಿಯಲ್ಲಿ ಈಗದು ಅಳಿವಿನಂಚಿನ ಜಾತಿ. ಕದಲಲಾರದ ಜೀವಿಗೆ ಹೂಳು ದೊಡ್ಡ ಶತ್ರು. 2005ರ ಕೊನೆಗೆ ನಿಲ್ಲುವವರೆಗೆ ಕುದುರೆಮುಖದ ಗಣಿಯ ಹೂಳು ಮಳೆಗಾಲದಲ್ಲಿ ಭದ್ರೆಗೇ ಇಳಿಯುತ್ತಿತ್ತು. ಕಾಫಿ ಕೊಯ್ಲಿನಲ್ಲಿ ಪಲ್ಪಿಂಗ್ ನೀರನ್ನು ಹಳ್ಳಕ್ಕೆ ಬಿಡುವ ತೋಟಗಳೂ ಇದರಲ್ಲಿ ನಿರಪರಾಧಿಗಳಲ್ಲ. ಅಧ್ಯಯನಕ್ಕೆಂದು ಹಿಂದಿನ ಸಂಗ್ರಾಹಕರು ಉಳಿಯಿಂದ ಕಲ್ಲು ಕೆತ್ತಿ ಚಿಪ್ಪನ್ನು ಎಬ್ಬಿಸಬೇಕಿತ್ತು, ಜೀವಿ ಸಾಯುತ್ತಿತ್ತು. ಈಗ ಡಿಎನ್‌ಎಗೆ ಮೈಹೊದಿಕೆಯ ಅಂಚಿನ ಒಂದು ಚೂರು ಮಾಂಸ ಸಾಕು.